‘ಮನೆಮಂದಿಯೆಲ್ಲ ನೋಡಿ’ ಎನ್ನುವ ವಿಮರ್ಶಕನನ್ನು ನಂಬಿ ಮಕ್ಕಳನ್ನು ಕರೆದೊಯ್ಯಬೇಡಿ

ಸೇಡಂ, ಚಿತ್ತಾಪುರ, ಆಳಂದ, ಜೇವರ್ಗಿ ಕಡೆಯಿಂದ ಸಿನಿಮಾ ನೋಡಲು ಕಲಬುರಗಿಗೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಾರವಾರವೂ ಹೊಸ ಚಿತ್ರಗಳಿಗೆ ಅಂಕ ಕೊಡುವ ಕನ್ನಡದ ವಿಡಿಯೊ ವಿಮರ್ಶಕನೊಬ್ಬನಿದ್ದಾನೆ. ಆತನ ಹೆಸರು ಬರೆಯುವುದಿಲ್ಲ. ಮಾತಿನ ರೀತಿ ಗೊತ್ತಾದರೆ ಸಾಕು, ಅದೇ ರೀತಿ ಮಾತನಾಡುವವರು ಇನ್ನೂ ಹಲವರಿದ್ದಾರೆ.

ಬೇಸಿಗೆ ರಜೆಗೆ ಅಕ್ಕ ಮಕ್ಕಳೊಂದಿಗೆ ಸೇಡಂಗೆ ಬಂದಿದ್ದಳು. ದೊಡ್ಡವನು ಆಗಷ್ಟೇ ಐದನೇ ತರಗತಿ ಮುಗಿಸಿದ್ದ, ಚಿಕ್ಕವಳಿಗೆ ಏಳು ವರ್ಷ. ಆ ವಾರ ದೊಡ್ಡ ನಟನ ತೆಲುಗು ಚಿತ್ರವೊಂದು ಬಿಡುಗಡೆಯಾಗಿತ್ತು. ತೆಲಂಗಾಣದ ಗಡಿಯಲ್ಲಿರುವ ನಮಗೆ ತೆಲುಗು ಹೊಸದಲ್ಲ, ಅವ್ವನಿಗೂ ಚೆನ್ನಾಗಿ ಅರ್ಥವಾಗುತ್ತದೆ. ವಿಮರ್ಶಕ ಐದಕ್ಕೆ ನಾಲ್ಕು ಅಂಕ ಕೊಟ್ಟು, ‘ತಂದೆ ಮಗಳ ಬಾಂಧವ್ಯದ ಕಥೆ, ಮನೆಮಂದಿಯೆಲ್ಲ ಕುಳಿತು ನೋಡಿ’ ಎಂದಿದ್ದ. ಆ ಮಾತಿನ ಮೇಲೆಯೇ ಎಲ್ಲರೂ ಬಸ್ ಹತ್ತಿ ಕಲಬುರಗಿಗೆ ಬಂದೆವು.

ಒಳಗೆ ಕುಳಿತ ಮೇಲೆ ಪರದೆಯ ಮೇಲೆ ಸೆನ್ಸಾರ್ ಪ್ರಮಾಣಪತ್ರ ಮೂಡಿತು. ಅದರಲ್ಲಿ ‘ಯುಎ 16+’ ಎಂದಿತ್ತು, ಅಂದರೆ ಹದಿನಾರು ತುಂಬದ ಮಕ್ಕಳಿಗೆ ತೋರಿಸಬೇಕೇ ಎಂದು ಹೆತ್ತವರು ಯೋಚಿಸಬೇಕಾದ ಚಿತ್ರ. ಮಧ್ಯಂತರದವರೆಗೆ ಹಾಡು, ತಮಾಷೆ, ತಂದೆ ಮಗಳ ಮಾತು ಎಲ್ಲವೂ ಇದ್ದವು. ಆಮೇಲೆ ಆ ಹುಡುಗಿಯನ್ನು ಹೊತ್ತೊಯ್ಯುತ್ತಾರೆ. ಅಲ್ಲಿಂದಾಚೆಗೆ ತೋರಿಸಿದ್ದನ್ನು ಇಲ್ಲಿ ವಿವರಿಸಲು ನನಗೆ ಮನಸ್ಸಿಲ್ಲ. ಕೈ ಕಡಿಯುವುದನ್ನು ಹತ್ತಿರದಿಂದ, ನಿಧಾನವಾಗಿ, ಮತ್ತೆ ಮತ್ತೆ ತೋರಿಸುತ್ತಾರೆ. ಚಿಕ್ಕವಳು ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿ ‘ಮನೆಗೆ ಹೋಗೋಣ’ ಎಂದು ಅಳತೊಡಗಿದಳು. ಚಿತ್ರ ಮುಗಿಯುವ ಮೊದಲೇ ಹೊರಗೆ ಬಂದೆವು. ಒಂದು ಕುಟುಂಬಕ್ಕೆ ಸಿನಿಮಾ ಎಂದರೆ ಎಷ್ಟು ಖರ್ಚು ಎಂಬುದು ನಿಮಗೂ ಗೊತ್ತಿದೆ. ಆದರೆ ನನ್ನ ಸಿಟ್ಟು ಹಣದ್ದಲ್ಲ. ಆ ಮಗು ಎಷ್ಟೋ ರಾತ್ರಿ ಒಬ್ಬಳೇ ಮಲಗಲು ಒಪ್ಪಲಿಲ್ಲ.

ಊರಿಗೆ ಮರಳಿದ ಮೇಲೆ ಆತನ ಇತ್ತೀಚಿನ ವಿಡಿಯೊಗಳನ್ನೆಲ್ಲ ಒಂದರ ಹಿಂದೊಂದು ನೋಡಿದೆ. ಬಿಡಿಯಾಗಿ ನೋಡುವಾಗ ಕಾಣದ ಸಂಗತಿ ಸಾಲಾಗಿ ನೋಡಿದಾಗ ಎದ್ದು ಕಂಡಿತು. ದೊಡ್ಡ ಚಿತ್ರಗಳಿಗೆಲ್ಲ ಹೊಗಳಿಕೆ ಒಂದೇ: ಮೊದಲರ್ಧ ಭರ್ಜರಿ, ಹಿನ್ನೆಲೆ ಸಂಗೀತ ರೋಮಾಂಚನ, ಮನೆಮಂದಿಯೆಲ್ಲ ನೋಡಿ. ಆತ ವರ್ಣಿಸುವ ದೃಶ್ಯಗಳೆಲ್ಲ ಟ್ರೇಲರಿನಲ್ಲಿ ಇರುವಂಥವೇ. ದ್ವಿತೀಯಾರ್ಧದ ಬಗ್ಗೆ ‘ತಿರುವುಗಳಿವೆ, ನೀವೇ ನೋಡಿ’ ಎಂದು ಮುಗಿಸುತ್ತಾನೆ. ಛಾಯಾಗ್ರಹಣ, ಸಂಕಲನ, ಒಬ್ಬ ಪೋಷಕ ನಟನ ಅಭಿನಯ, ಯಾವುದರ ಬಗ್ಗೆಯೂ ಚಿತ್ರ ನೋಡಿದವನಷ್ಟೇ ಆಡಬಹುದಾದ ಒಂದು ಮಾತೂ ಇಲ್ಲ. ನಮ್ಮನ್ನು ಕಲಬುರಗಿಗೆ ಎಳೆದೊಯ್ದ ಆ ಚಿತ್ರದ ವಿಡಿಯೊದಲ್ಲಿ ಹಿಂಸೆ ಎಂಬ ಪದವೇ ಬರುವುದಿಲ್ಲ. ಆತ ಚಿತ್ರವನ್ನು ಪೂರ್ತಿ ನೋಡಿಲ್ಲ, ಇಲ್ಲವೇ ನೋಡಿಯೂ ಮುಚ್ಚಿಟ್ಟಿದ್ದಾನೆ. ಎರಡನೆಯದೇ ನಿಜವಾದರೆ ಅದು ಇನ್ನೂ ಕೆಟ್ಟದ್ದು.

ಇಷ್ಟಕ್ಕೇ ನಿಂತಿದ್ದರೆ ಬಹುಶಃ ನಾನು ಬರೆಯುತ್ತಿರಲಿಲ್ಲ. ಅದೇ ಸಾಲಿನಲ್ಲಿ, ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಚಿತ್ರೀಕರಿಸಿದ, ನಮ್ಮ ಆಡುಮಾತಿನ ಸಣ್ಣ ಚಿತ್ರವೊಂದರ ವಿಮರ್ಶೆಯೂ ಇತ್ತು. ತಾರೆಯರಿಲ್ಲ, ಜಾಹೀರಾತಿಲ್ಲ, ತೊಗರಿ ಬೆಳೆಯುವ ಒಂದು ಕುಟುಂಬದ ಕಥೆ. ಅದಕ್ಕೆ ಆತ ಕೊಟ್ಟದ್ದು ಒಂದೂವರೆ ಅಂಕ. ಕಾರಣ? ‘ಇದು ಯಾವ ಕನ್ನಡವೋ ತಿಳಿಯದು, ಕನ್ನಡ ಚಿತ್ರಕ್ಕೂ ಅಡಿಬರಹ ಬೇಕಾಯಿತು’ ಎಂದು ನಗುತ್ತಾನೆ. ಅವ್ವ ಮನೆಯಲ್ಲಿ ಆಡುವ ಮಾತು ಅದು. ಕಥೆ ಸಾಲದು, ನಟನೆ ಸಾಲದು ಎಂದಿದ್ದರೆ ಒಪ್ಪಬಹುದಿತ್ತು, ಒಪ್ಪದೆಯೂ ಇರಬಹುದಿತ್ತು. ಒಂದು ಸೀಮೆಯ ಜನ ಮಾತನಾಡುವ ರೀತಿಯನ್ನೇ ಚಿತ್ರದ ದೋಷವೆಂದು ಎಣಿಸುವುದು ವಿಮರ್ಶೆಯಲ್ಲ. ನಾವು ನೋಡಬೇಕೆಂದುಕೊಳ್ಳುವಷ್ಟರಲ್ಲಿ ಕಲಬುರಗಿಯಲ್ಲಿ ಅದಕ್ಕಿದ್ದ ಒಂದೇ ಆಟವೂ ನಿಂತಿತ್ತು. ಆತನ ವಿಡಿಯೊ ಒಂದರಿಂದಲೇ ಹೀಗಾಯಿತು ಎನ್ನಲಾರೆ. ಆದರೆ ಮೊದಲ ಶನಿವಾರ, ಭಾನುವಾರದ ಜನರನ್ನು ನೋಡಿ ಆಟಗಳನ್ನು ಹಂಚುವ ಈ ವ್ಯವಹಾರದಲ್ಲಿ ಸಣ್ಣ ಚಿತ್ರಕ್ಕೆ ಎರಡನೆಯ ಅವಕಾಶ ಸಿಗುವುದಿಲ್ಲ.

ಆ ವಿಡಿಯೊದ ಕೆಳಗೆ ನಾನು ಎರಡು ಪ್ರಶ್ನೆ ಕೇಳಿದೆ: ತೆಲುಗು ಚಿತ್ರವನ್ನು ಪೂರ್ತಿ ನೋಡಿದ್ದೀರಾ? ಅದರ ಪ್ರಚಾರಕ್ಕಾಗಿ ಏನನ್ನಾದರೂ ಪಡೆದಿದ್ದೀರಾ? ಉತ್ತರ ಬರಲಿಲ್ಲ, ಪ್ರಶ್ನೆಯನ್ನು ಅಳಿಸಿದರು. ಹಣ ಪಡೆದಿದ್ದಾನೆ ಎನ್ನಲು ನನ್ನ ಬಳಿ ಪುರಾವೆಯಿಲ್ಲ, ಹಾಗಾಗಿ ಹಾಗೆನ್ನುವುದಿಲ್ಲ. ಆದರೆ ಕೇಳುವ ಹಕ್ಕು ನಮಗಿದೆ. 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಹಣ, ಉಡುಗೊರೆ, ಉಚಿತ ಪ್ರವಾಸ ಹೀಗೆ ಏನನ್ನೇ ಪಡೆದು ಒಂದು ಸರಕನ್ನು ಹೊಗಳುವವರು ಆ ಸಂಬಂಧವನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕು. 2023ರ ಜನವರಿಯಲ್ಲಿ ಕೊಟ್ಟ ವಿವರಣೆಯ ಪ್ರಕಾರ ವಿಡಿಯೊದ ಕೆಳಗಿನ ವಿವರಣೆಯಲ್ಲಿ ಬರೆದರೆ ಸಾಲದು, ವಿಡಿಯೊದೊಳಗೇ ಹೇಳಬೇಕು. ದಾರಿ ತಪ್ಪಿಸುವ ಪ್ರಚಾರಕ್ಕೆ ದಂಡ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಅನುಮಾನ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಇಷ್ಟು ಹೇಳಿದ ಮಾತ್ರಕ್ಕೆ ವಿಮರ್ಶಕರ ಬಾಯಿ ಮುಚ್ಚಿಸಬೇಕು ಎಂದಲ್ಲ. 2024ರಲ್ಲಿ ತಮಿಳು ನಿರ್ಮಾಪಕರ ಸಂಘಟನೆಯೊಂದು ಬಿಡುಗಡೆಯ ನಂತರ ಮೂರು ದಿನ ವಿಮರ್ಶೆ ಪ್ರಕಟಿಸದಂತೆ ತಡೆಯಬೇಕೆಂದು ಮದ್ರಾಸ್ ಹೈಕೋರ್ಟಿಗೆ ಹೋದಾಗ ನ್ಯಾಯಾಲಯ ಮಧ್ಯಂತರ ತಡೆ ನೀಡಲಿಲ್ಲ. ನನಗೆ ಅದು ಸರಿ ಎನಿಸಿತು. ಖಾರವಾಗಿ ಬರೆಯುವ ವಿಮರ್ಶಕನಿಂದ ನಾನು ಕಲಿತದ್ದು ಬಹಳ. ಆತ ಮೂರು ಗಂಟೆ ಕುಳಿತು ನೋಡಿರುತ್ತಾನೆ ಎಂಬ ನಂಬಿಕೆಯಷ್ಟೇ ನನಗೆ ಬೇಕು.

ಮಕ್ಕಳಿರುವ ಮನೆಯವರು ಟಿಕೆಟ್ ಪಡೆಯುವ ಮೊದಲು ಪ್ರಮಾಣಪತ್ರದ ವರ್ಗವನ್ನು ಕೌಂಟರಿನಲ್ಲೇ ಕೇಳಿ. 2023ರ ತಿದ್ದುಪಡಿಯ ನಂತರ ಯುಎ ಎಂಬುದು 7+, 13+, 16+ ಎಂದು ಮೂರಾಗಿದೆ. ‘ಎ’ ಚಿತ್ರಕ್ಕೆ ಹದಿನೆಂಟು ತುಂಬದವರನ್ನು ಬಾಗಿಲಲ್ಲೇ ತಡೆಯುತ್ತಾರೆ, ಆದರೆ ಯುಎ 16+ ಚಿತ್ರಕ್ಕೆ ನಿಮ್ಮ ಮಗುವನ್ನು ಯಾರೂ ತಡೆಯುವುದಿಲ್ಲ. ಆ ಸಂಖ್ಯೆ ಹೆತ್ತವರಿಗೆ ಕೊಟ್ಟ ಸೂಚನೆ ಮಾತ್ರ. ಇನ್ನು ವಿಮರ್ಶೆ ನೋಡುವುದಿದ್ದರೆ, ದ್ವಿತೀಯಾರ್ಧದ ಬಗ್ಗೆ ಆತ ಏನು ಹೇಳುತ್ತಾನೆ ಎಂಬುದನ್ನು ಮೊದಲು ಕೇಳಿಸಿಕೊಳ್ಳಿ. ಅಲ್ಲಿ ಏನೂ ಇಲ್ಲದಿದ್ದರೆ, ಮೊದಲ ದಿನ ನೋಡಿ ಬಂದ ನಿಮ್ಮೂರಿನವರನ್ನೇ ವಿಚಾರಿಸಿ.