ಸುರತ್ಕಲ್‌ನಿಂದ ಮಂಗಳೂರಿಗೆ ಕೆಲಸಕ್ಕೆ: ಬೈಕೋ, ಬಸ್ಸೋ?

ದಿನಾ ಈ ದಾರಿಯಲ್ಲಿ ಕೆಲಸಕ್ಕೆ ಹೋಗಲು ಶುರು ಮಾಡುವವರು ಮೊದಲು ಕೇಳುವುದು ಇದನ್ನೇ.

ಬೈಕಲ್ಲಿ ಸಮಯ ನಮ್ಮ ಕೈಯಲ್ಲಿರುತ್ತದೆ. ರಾತ್ರಿ ಪಾಳಿ ಮುಗಿದ ಮೇಲೆ ಯಾರಿಗೂ ಕಾಯಬೇಕಿಲ್ಲ. ಆದರೆ ಹೆದ್ದಾರಿ 66ರಲ್ಲಿ ಪಣಂಬೂರು ಬಂದರಿನ ಲಾರಿಗಳ ಪಕ್ಕದಲ್ಲೇ ಓಡಿಸಬೇಕು. ಒಂದು ಜುಲೈ ಮಳೆಯಲ್ಲಿ ಕೂಳೂರು ಹತ್ತಿರ ನನ್ನ ಮುಂದಿನ ಚಕ್ರ ಹೊಂಡಕ್ಕೆ ಇಳಿಯಿತು. ಕೆಸರು ನೀರು ತುಂಬಿ ರಸ್ತೆಯ ಹಾಗೇ ಕಾಣುತ್ತಿತ್ತು. ಹಿಂದಿದ್ದ ಲಾರಿಯ ಬ್ರೇಕ್ ಕಿರುಚಿದ್ದು ಈಗಲೂ ಕಿವಿಯಲ್ಲಿದೆ.

ಬಸ್ಸಲ್ಲಿ ನೂಕುನುಗ್ಗಲು ಜಾಸ್ತಿ. ಕೊಟ್ಟಾರ ಚೌಕಿಯಲ್ಲಿ ಸಿಕ್ಕಿಕೊಂಡರೆ ತಡವಾಗುತ್ತದೆ. ಆದರೂ ಸುತ್ತ ಕಬ್ಬಿಣದ ಗೋಡೆ ಇದೆ, ಅಲ್ವಾ? ಅಲ್ಲಿ ಭಯ ಫುಟ್‌ಬೋರ್ಡಿನದ್ದು, ಮತ್ತೆ ಇಳಿದು ಹೆದ್ದಾರಿ ದಾಟುವ ಆ ಅರ್ಧ ನಿಮಿಷದ್ದು.

ಪರಿಹಾರದ ವಿಷಯದಲ್ಲಿ ಎರಡೂ ಒಂದೇ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರಿಗೆ ಮನೆ-ಕೆಲಸದ ದಾರಿಯ ಅಪಘಾತವೂ, ಕೆಲಸದ ಜೊತೆ ಸಂಬಂಧ ತೋರಿಸಿದರೆ, 2010ರ ಕಾಯ್ದೆ ತಿದ್ದುಪಡಿಯ ನಂತರ ಪರಿಹಾರಕ್ಕೆ ಸೇರುತ್ತದೆ.

ನನ್ನ ಮಾತು ಕೇಳುವುದಾದರೆ ಮಳೆಗಾಲದ ನಾಲ್ಕು ತಿಂಗಳು ಬಸ್ಸೇ ಹಿಡಿಯಿರಿ. ರಾತ್ರಿ ಪಾಳಿಗೆ ಬೈಕೇ ಬೇಕು ಅಂದರೆ ಐಎಸ್‌ಐ ಹೆಲ್ಮೆಟ್ ಇರಲಿ, ಹಿಂದೆ ಕೂರುವವರಿಗೂ. ಸುಮ್ನೆ ತಲೆ ಮೇಲಿಟ್ಟರೆ ಸಾಲದು, ಪಟ್ಟಿ ಬಿಗಿಯಿರಿ.