ಲ್ಯಾಪ್‌ಟಾಪ್‌ಗೆ ಪ್ರತ್ಯೇಕ ಗ್ರಾಫಿಕ್ಸ್ ಬೇಕೇ? ದಿನಬಳಕೆಗೊಂದು ಹೋಲಿಕೆ

ಪರದೆಯ ಚಿತ್ರಗಳನ್ನು ರಚಿಸಲೆಂದೇ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ನಲ್ಲೂ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಮತ್ತು ದಿನದ ಬಹುಪಾಲು ಕೆಲಸವನ್ನು ಅದೇ ನಿಭಾಯಿಸುತ್ತದೆ. ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್‌ವಿಡಿಯಾ ಕಂಪನಿ 2010ರಲ್ಲಿ ಪರಿಚಯಿಸಿದ ಆಪ್ಟಿಮಸ್ ವ್ಯವಸ್ಥೆಯಲ್ಲಿ, ಭಾರದ ಕೆಲಸ ಬಂದಾಗ ಮಾತ್ರ ಪ್ರತ್ಯೇಕ ಚಿಪ್ ಎಚ್ಚೆತ್ತು ಚಿತ್ರವನ್ನು ರಚಿಸಿ, ಅದನ್ನು ಒಳಗಿನ ಗ್ರಾಫಿಕ್ಸ್‌ನ ಮೂಲಕವೇ ಪರದೆಗೆ ಕಳಿಸುತ್ತದೆ.

ಬ್ರೌಸರ್, ನುಡಿ ತಂತ್ರಾಂಶದಲ್ಲಿ ಬೆರಳಚ್ಚು, ಎಕ್ಸೆಲ್, ಯೂಟ್ಯೂಬ್ ಇಷ್ಟೇ ನಿಮ್ಮ ಬಳಕೆಯಾದರೆ ಒಳಗಿನ ಗ್ರಾಫಿಕ್ಸ್ ಧಾರಾಳವಾಗಿ ಸಾಕು. ಸಂಕುಚಿತ ವೀಡಿಯೊವನ್ನು ಬಿಚ್ಚಿ ತೋರಿಸಲು ಅದರಲ್ಲೇ ಮೀಸಲು ಸರ್ಕ್ಯೂಟ್ ಇದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬಾಳುತ್ತದೆ. ಆದರೆ ಅದು ರ‍್ಯಾಮನ್ನು ಪ್ರೊಸೆಸರ್‌ನೊಂದಿಗೆ ಹಂಚಿಕೊಳ್ಳುವುದರಿಂದ 8 ಜಿಬಿಯ ಯಂತ್ರದಲ್ಲಿ ಇಕ್ಕಟ್ಟಾಗುತ್ತದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 4050ರಂಥ ಪ್ರತ್ಯೇಕ ಚಿಪ್‌ಗೆ 6 ಜಿಬಿ ಸ್ವಂತ ಮೆಮೊರಿಯಿದ್ದು, 3ಡಿ ಚಿತ್ರ ರಚಿಸುವ ಬ್ಲೆಂಡರ್ ತಂತ್ರಾಂಶ, ವೀಡಿಯೊ ಸಂಕಲನ ಮತ್ತು ದೊಡ್ಡ ಆಟಗಳಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಅಂಗಡಿಯವರು ಅಪರೂಪಕ್ಕೆ ಹೇಳುವ ಒಂದು ಮಾತಿದೆ: ಹಲವು ಮಾದರಿಗಳಲ್ಲಿ ಎಚ್‌ಡಿಎಂಐ ಕಿಂಡಿಯನ್ನು ನೇರವಾಗಿ ಪ್ರತ್ಯೇಕ ಚಿಪ್‌ಗೆ ಜೋಡಿಸಿರುತ್ತಾರೆ. ಅಂಥದ್ದಕ್ಕೆ ಹೊರಗಿನ ಮಾನಿಟರ್ ಸಿಕ್ಕಿಸಿದರೆ, ಬರೀ ಪತ್ರ ಬರೆಯುತ್ತಿದ್ದರೂ ಆ ಚಿಪ್ ಎಚ್ಚರವಾಗಿಯೇ ಇದ್ದು, ಯಂತ್ರ ಬಿಸಿಯಾಗಿ ಫ್ಯಾನ್ ಸದ್ದು ಮಾಡಬಹುದು. ಮನೆಯಲ್ಲಿ ಸದಾ ಮಾನಿಟರ್ ಬಳಸುವವರು ಇದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಈಗಾಗಲೇ ಎರಡೂ ಇರುವ ಯಂತ್ರ ನಿಮ್ಮಲ್ಲಿದ್ದರೆ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಅಂದರೆ ಗ್ರಾಫಿಕ್ಸ್ ಘಟಕ) 0, ಜಿಪಿಯು 1 ಎಂದು ಬೇರೆಬೇರೆಯಾಗಿ ಕಾಣುವ ಗೆರೆಗಳನ್ನು ಒಂದು ವಾರ ಗಮನಿಸಿ. ಪ್ರತ್ಯೇಕ ಚಿಪ್‌ನ ಗೆರೆ ಏಳುವುದೇ ಇಲ್ಲವೆಂದಾದರೆ, ಮುಂದಿನ ಖರೀದಿಯಲ್ಲಿ ಆ ಹಣವನ್ನು 16 ಜಿಬಿ ರ‍್ಯಾಮ್‌ಗೆ ಹಾಕಿ.