ರೀಪರ್, ಎಂಟು ಫೇಡರ್ ಮತ್ತು ಕಾಕಾನ ಕಿವಿ

ಗುಳೇದಗುಡ್ಡದಲ್ಲಿ ರೆಕಾರ್ಡಿಂಗ್ ಮಾಡಬೇಕಂದ್ರೆ ಮೊದಲು ಮಗ್ಗ ನಿಲ್ಲಬೇಕು. ನಮ್ಮ ಗೋಡೆಗೆ ಹತ್ತಿದ ಮನೆಯಲ್ಲೇ ಖಣ ನೇಯುತ್ತಾರೆ. ಹಾಗಾಗಿ ಓಣಿಯ ಭಜನಾ ಮಂಡಳಿಯ ಹಾಡು ರೆಕಾರ್ಡ್ ಆಗೋದು ರಾತ್ರಿ ಊಟ ಆದ ಮೇಲೇ. ಎಡಿಟಿಂಗಿಗೆ ಎರಡು ವರ್ಷದಿಂದ ರೀಪರ್ ಅನ್ನೋ ಕಂಪ್ಯೂಟರ್ ಸಾಫ್ಟ್‌ವೇರ್.

ಅದರ ಗುಣಗಾನ ಎಲ್ಲ ಕಡೆ ಇದೆ, ಬಿಡಿ. ನನ್ನದು ಫೇಡರ್ ಬಾಕ್ಸಿನ ಗೋಳು. ಫೇಡರ್ ಅಂದ್ರೆ ಮೇಲೆ ಕೆಳಗೆ ಸರಿಸಿ ಸದ್ದು ಏರಿಸಿ ಇಳಿಸೋ ಗುಂಡಿ. ಮೌಸ್ ಹಿಡಿದು ಹಿಡಿದು ಮುಂಗೈ ನೋಯುತ್ತಿತ್ತು ಅಂತ ಎಂಟು ಫೇಡರಿನ ಅಗ್ಗದ ಮಿಡಿ (ವಾದ್ಯಕ್ಕೂ ಕಂಪ್ಯೂಟರಿಗೂ ನಡುವೆ ಸಂದೇಶ ಸಾಗಿಸೋ ಪದ್ಧತಿ) ಬಾಕ್ಸ್ ತರಿಸಿದೆ. ಯುಎಸ್‌ಬಿ ಹಾಕಿದೆ, ಲೈಟ್ ಹತ್ತಿತು. ಫೇಡರ್ ಎಷ್ಟು ಸರಿಸಿದರೂ ಪರದೆಯಲ್ಲಿ ಏನೂ ಅಲ್ಲಾಡಲಿಲ್ಲ. ಮೂರು ರಾತ್ರಿ ಹಾಳಾಯಿತು. ತಪ್ಪು ನನ್ನದೇ. ಪ್ರಿಫರೆನ್ಸಸ್‌ನ ಮಿಡಿ ಪಟ್ಟಿಯಲ್ಲಿ ಬಾಕ್ಸಿಗೆ 'ಎನೇಬಲ್ ಇನ್‌ಪುಟ್' ಕೊಟ್ಟು ಸುಮ್ನೆ ಕೂತಿದ್ದೆ. ಅದು ವಾದ್ಯ ನುಡಿಸೋಕೆ. ಫೇಡರಿನಿಂದ ಪ್ಲಗಿನ್ (ರೀಪರ್ ಒಳಗೆ ಸದ್ದು ತಿದ್ದೋ ಪುಟ್ಟ ಸಾಫ್ಟ್‌ವೇರ್) ಸರಿಸೋಕೆ 'ಎನೇಬಲ್ ಇನ್‌ಪುಟ್ ಫಾರ್ ಕಂಟ್ರೋಲ್ ಮೆಸೇಜಸ್' ಅಂತ ಇನ್ನೊಂದು ಇದೆ.

ಆಮೇಲೆ ಸಲೀಸು. ಪ್ಲಗಿನ್‌ನಲ್ಲಿ ಬೇಕಾದ ಗುಂಡಿ ಮುಟ್ಟಿ, ಮೇಲಿನ 'ಪ್ಯಾರಾಮ್' ಒತ್ತಿ, 'ಲರ್ನ್' ಆರಿಸಿ ಫೇಡರ್ ಸರಿಸಿದರೆ ಆಯ್ತು.

ಇಷ್ಟಕ್ಕೇ ಖುಷಿಯಾಗಿ ಹಾರ್ಮೋನಿಯಂ ಕಾಕಾನ ಕಿವಿಗೆ ಹೆಡ್‌ಫೋನ್ ಹಾಕಿದೆ. ಪರದೆಯಲ್ಲಿ ಗೇನ್ (ಸದ್ದಿನ ಮಟ್ಟ) ಕೆಳಗಿತ್ತು, ಕೈಯಡಿಯ ಫೇಡರ್ ಮಾತ್ರ ತುದಿಯಲ್ಲಿತ್ತು. ಮುಟ್ಟಿದ್ದೇ ತಡ, ಸದ್ದು ಒಮ್ಮೆಲೇ ಜಿಗಿಯಿತು.

"ಯಪ್ಪಾ! ಕಿವಿ ಹೋತಲ್ಲೋ ತಮ್ಮಾ!"

ಒಂದು ವಾರ ಅವರು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ದುಬಾರಿ ಬಾಕ್ಸುಗಳ ಫೇಡರಿಗೆ ಮೋಟರ್ ಇರುತ್ತದೆ, ಪರದೆ ಜೊತೆ ತಾವೇ ಸರಿಯುತ್ತವೆ. ನಮ್ಮ ಬಜೆಟ್ಟಿಗೆ ಅದೆಲ್ಲಿ? ಇಲ್ಲಿ ನನ್ನ ಸಿಟ್ಟು ಇಳಿಸಿದ್ದು ಅದೇ ಲರ್ನ್ ಕಿಟಕಿಯ 'ಸಾಫ್ಟ್ ಟೇಕ್‌ಓವರ್'. ಅದಕ್ಕೆ ಟಿಕ್ ಹಾಕಿದರೆ, ಪರದೆಯ ಗೇನ್ ಇರೋ ಜಾಗಕ್ಕೆ ಫೇಡರ್ ಬರೋವರೆಗೂ ರೀಪರ್ ಅದರ ಮಾತು ಕೇಳೋದಿಲ್ಲ. ಅಲ್ಲಿಗೆ ಬಂದ ಮೇಲೆ ಮೆತ್ತಗೆ ಕೈಗೆ ಸಿಗುತ್ತದೆ.

ಈಗ ರಾತ್ರಿ ಒಂಬತ್ತೂವರೆಗೆ ಮೊದಲು ಫ್ಯಾನ್ ಆಫ್. ಟೇಬಲ್ ಮೇಲೆ ಹಳೇ ಖಣದ ತುಂಡು ಮಡಚಿ ಹಾಸಿ ಬಾಕ್ಸ್ ಇಡುತ್ತೇನೆ, ಇಲ್ಲದಿದ್ದರೆ ಜಾರುತ್ತದೆ. ಬಾಕ್ಸ್ ಚುಚ್ಚಿದ ಮೇಲೇ ರೀಪರ್ ತೆರೆಯೋದು. ಒಂದನೇ ಫೇಡರ್ ತಾಳದ ಕಿರುಚು ಇಳಿಸೋಕೆ, ಎರಡನೆಯದು ಹಾರ್ಮೋನಿಯಂಗೆ. ಮೂರನೆಯದು ಗುಡಿಯಲ್ಲಿ ಹಾಡಿದ ಹಾಗೆ ಗುಂಯ್ ಅನ್ನಿಸೋಕೆ, ಅದನ್ನ ನಾನು ಸ್ವಲ್ಪ ಜಾಸ್ತಿನೇ ಏರಿಸುತ್ತೇನೆ. ಉಳಿದ ಐದು ಖಾಲಿ. ತುಂಬಾ ಸೂಕ್ಷ್ಮ ಕೆಲಸಕ್ಕೆ ಇವತ್ತಿಗೂ ಮೌಸೇ ಬೇಕು. ಇಂಥ ಫೇಡರ್ ಕಳಿಸೋದು 0ರಿಂದ 127ರವರೆಗಿನ ಅಂಕಿ ಅಷ್ಟೇ, ನಡುವೆ ಏನೂ ಇಲ್ಲ.

ರೀಪರ್ 60 ದಿನ ಪುಕ್ಕಟೆ, ಆಮೇಲೆ ನಮ್ಮಂಥವರಿಗೆ 60 ಡಾಲರ್. ದುಡ್ಡು ಕಟ್ಟಿದ್ದಕ್ಕೆ ಬೇಜಾರಿಲ್ಲ. ಬಾಕ್ಸಿನ ನಾಲ್ಕನೇ ಫೇಡರ್ ಆಗಲೇ ಕರಕರ ಅಂತಿದೆ. ಕಾಕಾ ಈಗ ಎರಡನೆಯದನ್ನ ತಾನೇ ಸರಿಸುತ್ತಾರೆ, ಯಾವಾಗಲೂ ಮೇಲಕ್ಕೆ.